ನಕ್ಷೆ ಕೈಯಲ್ಲಿರುವವರಿಗೆ ಒಂದು ಬಹಿರಂಗ ಪತ್ರ

ಜ್ವಾಲಾಮುಖಿಗಳ ಬುಡದಲ್ಲಿ ಜನರ ರಕ್ಷಣೆಯ ಹೊಣೆ ಹೊತ್ತಿರುವ ಮಾನ್ಯರೇ,

ಕೊಲಂಬಿಯಾದ ಆರ್ಮೆರೊ ಎಂಬ ಊರನ್ನು ನಿಮಗೆ ನೆನಪಿಸಬೇಕೆಂದು ಬರೆಯುತ್ತಿದ್ದೇನೆ.

ಆ ಊರಿನ ಮೇಲ್ಗಡೆ ನೆವಾಡೊ ಡೆಲ್ ರೂಯಿಸ್ ಇದೆ. ಲಾವಾ, ಬೂದಿ ಪದರದ ಮೇಲೆ ಪದರವಾಗಿ ಪೇರಿಕೊಂಡು 5,300 ಮೀಟರಿಗೂ ಎತ್ತರ ಬೆಳೆದ ಜ್ವಾಲಾಮುಖಿ. ನೆತ್ತಿಯಲ್ಲಿ ಹಿಮದ ಹೊದಿಕೆ. ಒಳಗಿನ ಕಾವು ಆ ಹಿಮಕ್ಕೆ ತಗುಲಿದರೆ ನೀರು, ಬೂದಿ, ಬಂಡೆಗಳು ಕಲಸಿಕೊಂಡು ಹಸಿ ಕಾಂಕ್ರೀಟಿನಂತೆ ಹೊಳೆಯ ಜಾಡು ಹಿಡಿದು ಇಳಿಯುತ್ತವೆ. ಇದಕ್ಕೆ ಲಹಾರ್ ಎನ್ನುತ್ತಾರೆ.

1595ರಲ್ಲಿ ಹೀಗೆ ಇಳಿದ ಕೆಸರು ಆರುನೂರಕ್ಕೂ ಹೆಚ್ಚು ಜನರನ್ನು ನುಂಗಿತು. 1845ರಲ್ಲಿ ಸುಮಾರು ಸಾವಿರ ಜನರನ್ನು. ಆ ಕೆಸರೇ ಒಣಗಿ ಫಲವತ್ತಾದ ಹೊಲವಾಯಿತು. ಅದರ ಮೇಲೆಯೇ ಆರ್ಮೆರೊ ಬೆಳೆಯಿತು, ಹತ್ತಿ ಬೆಳೆದು ಹೆಸರು ಮಾಡಿತು. ಮುತ್ತಜ್ಜಂದಿರನ್ನು ಹೂತ ಕೆಸರು ಮರಿಮಕ್ಕಳ ಕಣ್ಣಿಗೆ ಬರೀ ಮಣ್ಣು.

1984ರ ನವೆಂಬರಿನಿಂದ ಬೆಟ್ಟ ಮತ್ತೆ ಮಿಸುಕಾಡಿತು. 1985ರ ಸೆಪ್ಟೆಂಬರಿನಲ್ಲಿ ಉಗಿ ಸ್ಫೋಟಿಸಿತು. ಅಕ್ಟೋಬರ್ 7ಕ್ಕೆ ಅಪಾಯದ ನಕ್ಷೆ ಹೊರಬಂತು. ಕೆಸರಿನ ದಾರಿಯಲ್ಲಿ ಆರ್ಮೆರೊ ಇತ್ತು. ನವೆಂಬರ್ 13ರ ಮಧ್ಯಾಹ್ನ ಊರಿನ ಮೇಲೆ ಬೂದಿ ಉದುರಿದಾಗಲೂ ಜನರಿಗೆ ಸಿಕ್ಕಿದ್ದು ಗಾಬರಿ ಬೇಡವೆಂಬ ಸಮಾಧಾನ. ರಾತ್ರಿ 9 ದಾಟುತ್ತಲೇ ಬೆಟ್ಟ ಸ್ಫೋಟಿಸಿತು. ಸ್ಫೋಟ ಅಂಥ ದೊಡ್ಡದಲ್ಲ, ಆದರೆ ಹಿಮ ಕರಗಿಸಲು ಅಷ್ಟು ಸಾಕಾಯಿತು. 11:30ರ ಹೊತ್ತಿಗೆ ಲಗುನಿಯಾ ನದಿಯ ಕಣಿವೆಯಿಂದ ಕೆಸರು ಊರಿಗೆ ನುಗ್ಗಿತು. ಒಟ್ಟು ಸುಮಾರು 23,000 ಜನ ಸತ್ತರು, ಹೆಚ್ಚಿನವರು ಆರ್ಮೆರೊದವರು. 13 ವರ್ಷದ ಒಮೈರಾ ಸಾಂಚೆಸ್ ಕುತ್ತಿಗೆಮಟ್ಟದ ನೀರಿನಲ್ಲಿ ಸಿಕ್ಕಿಕೊಂಡು, ಎಲ್ಲರ ಕಣ್ಣೆದುರೇ ಪ್ರಾಣ ಬಿಟ್ಟಳು.

ಬೆಟ್ಟ ಸ್ಫೋಟಿಸಿದ ಮೇಲೂ ಎರಡು ಗಂಟೆಗೂ ಮಿಕ್ಕಿ ಸಮಯವಿತ್ತು. ನಡೆದು ಸೇರಬಹುದಾದ ದಿಣ್ಣೆಗಳು ಹತ್ತಿರದಲ್ಲೇ ಇದ್ದವು.

ಮಾತು ಕೇಳಿದರೆ ಜೀವ ಉಳಿಯುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿಯುವ ಮೊದಲೇ ಹತ್ತಾರು ಸಾವಿರ ಜನರನ್ನು ತೆರವು ಮಾಡಿದ್ದರು. 2023ರಲ್ಲಿ ರೂಯಿಸ್ ಮತ್ತೆ ಕಂಪಿಸಿದಾಗ ಕೊಲಂಬಿಯಾ ಎಚ್ಚರಿಕೆಯ ಮಟ್ಟವನ್ನು ತಡಮಾಡದೆ ಏರಿಸಿತು. ಆ ಸಲ ದೊಡ್ಡ ಸ್ಫೋಟ ಆಗಲಿಲ್ಲ. ಅದರಿಂದ ಯಾರ ಮಾನವೂ ಹೋಗಲಿಲ್ಲ.

ಸುಳ್ಳು ಎಚ್ಚರಿಕೆ ಕೊಟ್ಟರೆಂಬ ಮಾತಿಗೆ ದಯವಿಟ್ಟು ಅಂಜಬೇಡಿ. ನಕ್ಷೆ ಕಚೇರಿಯ ಕಪಾಟಿನಿಂದ ಶಾಲೆಯ ಗೋಡೆಗೆ ಬರಲಿ. ನಡುರಾತ್ರಿ ಗಂಟೆ ಬಾರಿಸುವವರು ಯಾರು, ಅಜ್ಜಿಯನ್ನು ಎತ್ತಿಕೊಳ್ಳುವವರು ಯಾರು, ಮಕ್ಕಳು ಓಡಬೇಕಾದ ದಿಣ್ಣೆ ಯಾವುದು ಎಂಬುದು ಇಂದೇ ಊರಿಗೆ ತಿಳಿದಿರಲಿ. ಆರ್ಮೆರೊಗೆ ಬೆಟ್ಟ ಕೊಟ್ಟ ಎರಡು ಗಂಟೆ ವ್ಯರ್ಥವಾಯಿತು. ನಿಮ್ಮ ಊರಿಗೆ ಸಿಗುವ ಗಂಟೆ ಹಾಗಾಗದಿರಲಿ.

ಇಂತಿ,
ಆ ಊರನ್ನು ಮರೆಯಲಾಗದ ಒಬ್ಬ ಓದುಗ