ಎಸ್ಟೆಲ್ಲಾ ಕಲ್ಲಲ್ಲ, ಅಕ್ಕ

“ಮಗಳ ಪಠ್ಯ ಅಂತ ಸುಮ್ನೆ ಕೈಗೆತ್ತಿಕೊಂಡೆ ಕಣೆ. ಆ ಎಸ್ಟೆಲ್ಲಾನ ಕಂಡ್ರೆ ಮೈಯೆಲ್ಲ ಉರಿಯುತ್ತೆ. ದುಡ್ಡಿದೆ, ರೂಪ ಇದೆ, ಎದೆಯಲ್ಲಿ ಮಾತ್ರ ಬರೀ ಕಲ್ಲು!”

ಕಾಂಪೌಂಡಿನ ಆಚೆ ದಾಸವಾಳ ಬಿಡಿಸುತ್ತಿದ್ದ ಪಕ್ಕದ ಮನೆ ಅಕ್ಕ ಬೆಳಗ್ಗೆ ಹೀಗೆಂದರು. ಅವರು ಓದುತ್ತಿರುವುದು ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’. 1860-61ರಲ್ಲಿ ವಾರ ವಾರ ಧಾರಾವಾಹಿಯಾಗಿ ಬಂದ ಕಾದಂಬರಿ, ನನಗೆ ಬಲು ಪ್ರಿಯವಾದದ್ದು. ಒಲೆ ಆರಿಸಿ ಬಂದು ನಿಂತೆ.

“ಅವಳ ಎದೆ ಕಲ್ಲು ಅಂತ ನಿಮಗೆ ಹೇಳಿದ್ದು ಯಾರು ಅಕ್ಕ?”

“ಪುಸ್ತಕದಲ್ಲೇ ಇದೆಯಲ್ಲ!”

“ಪುಸ್ತಕ ಪೂರ್ತಿ ಹೇಳೋನು ಪಿಪ್. ಒರಟು ಕೈ, ದಪ್ಪ ಬೂಟು ಅಂತ ಚಿಕ್ಕಂದಿನಲ್ಲೇ ಅವಳ ಬಾಯಲ್ಲಿ ಅನ್ನಿಸಿಕೊಂಡವನು, ಆಮೇಲೆ ಅವಳಿಗೇ ಮನಸೋತವನು. ಅಂಥವನ ಕಣ್ಣಲ್ಲಿ ಅವಳು ಹೇಗೆ ಕಾಣಬೇಕು? ಅಂಗಳದಲ್ಲಿ ಅವನಿಗೆ ಊಟ ಕೊಟ್ಟದ್ದು ನೆನಪಿದೆಯಾ?”

“ನಾಯಿಗೆ ಹಾಕೋ ಹಾಗೆ ಕೊಟ್ಟಳಲ್ಲ!”

“ಅವನ ಮುಖ ನೋಡದೆ ರೊಟ್ಟಿ, ಮಾಂಸ ಕೊಟ್ಟು, ಪಾನೀಯದ ಲೋಟ ಕಲ್ಲುಹಾಸಿನ ಮೇಲೆ ಇಟ್ಟಳು. ಅವಳು ಮಾಡಿದ್ದು ಅಷ್ಟು. ನಾಯಿ ಅನ್ನೋ ಮಾತು ಪಿಪ್ ಸೇರಿಸಿದ್ದು. ಅವಳದು ಸೊಕ್ಕು, ಹೌದು. ಹಂಗಿಸಿದಳು, ಅದೂ ಹೌದು. ಆದರೆ ನೋವನ್ನು ಅಳತೆ ಮಾಡಿದವನು ನೋವು ತಿಂದವನೇ.”

ಅಕ್ಕ ಬಿಡಲಿಲ್ಲ. “ನನಗೆ ಹೃದಯವೇ ಇಲ್ಲ ಅಂತ ಅವಳೇ ಹೇಳ್ತಾಳಲ್ಲೇ?”

“ಯಾರಿಗೆ ಹೇಳಿದಳು? ಪಿಪ್‌ಗೆ. ಮೋಸ ಮಾಡೋಳು ಮೊದಲೇ ಎಚ್ಚರಿಸ್ತಾಳಾ? ನಿನ್ನ ಹಿಂದೆ ಬಿದ್ದಿರೋ ಆ ಡ್ರಮಲ್ ಕಡೆ ನೋಡಿ ನಗ್ತೀಯ, ನನಗೆ ಅಂಥ ನಗು ಕೊಡಲ್ಲ ಅಂತ ಪಿಪ್ ಗೋಳಾಡಿದಾಗ, ನಿನ್ನನ್ನೂ ಬಲೆಗೆ ಕೆಡವಲಾ ಅಂತ ಕೇಳ್ತಾಳೆ. ಎಲ್ಲರಿಗೂ ಮೋಸ ಮಾಡ್ತೀನಿ, ನಿನ್ನೊಬ್ಬನನ್ನು ಬಿಟ್ಟು ಅಂತಾಳೆ. ನನಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಮಮತೆಯ ಮಾತು ಸಿಕ್ಕಿಲ್ಲ ಅಕ್ಕ. ಅವನ ಕಿವಿಗೆ ಮಾತ್ರ ಅದು ಬೀಳಲಿಲ್ಲ.”

ಅಕ್ಕ ಹೂವಿನ ಬುಟ್ಟಿ ಗೋಡೆ ಮೇಲಿಟ್ಟರು. ನಾನು ಮುಂದುವರಿಸಿದೆ. ಆ ಸಿರಿತನವಾದರೂ ಅವಳದೇ? ಹೆತ್ತವನು ಗಡಿಪಾರಾದ ಕೈದಿ, ಹೆತ್ತವಳು ವಕೀಲನ ಮನೆಯ ಕೆಲಸದಾಕೆ. ಮದುವೆಯ ದಿನವೇ ಮದುಮಗ ಕೈಕೊಟ್ಟ ಮಿಸ್ ಹ್ಯಾವಿಷಮ್, ಗಡಿಯಾರಗಳನ್ನೆಲ್ಲ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಲ್ಲಿಗೆ ನಿಲ್ಲಿಸಿ, ಬಿಸಿಲು ಬಾರದ ಮನೆಯಲ್ಲಿ ಈ ಕೂಸನ್ನು ಸಾಕಿದಳು. ಗಂಡಸರ ಮೇಲೆ ಸೇಡು ತೀರಿಸಿಕೊಳ್ಳಲಿಕ್ಕೆ ಸಾಕಿದಳು. ಪ್ರೀತಿಯನ್ನೇ ಕಾಣದೆ ಬೆಳೆದ ಮಗು ಅದನ್ನು ಎಲ್ಲಿಂದ ತಂದು ಕೊಡಬೇಕು?

“ಇನ್ನೊಂದು ಗಮನಿಸಿ ಅಕ್ಕ. ಪಿಪ್ ತನ್ನ ನಿಟ್ಟುಸಿರಿಗೆ ಪುಟಗಟ್ಟಲೆ ಬರೀತಾನೆ. ಎಸ್ಟೆಲ್ಲಾ ಆ ಡ್ರಮಲ್‌ನನ್ನು ಕಟ್ಟಿಕೊಂಡು ಹಿಂಸೆ ತಿಂದ ವರ್ಷಗಳು ಕೆಲವೇ ಸಾಲಲ್ಲಿ ಮುಗಿದುಹೋಗುತ್ತವೆ. ಅವನು ಅಲ್ಲಿರಲಿಲ್ಲ, ಅದಕ್ಕೇ ನಾವೂ ಅಲ್ಲಿರಲಿಲ್ಲ.”

“ಹಾಗಾದ್ರೆ ಪಿಪ್ ಸುಳ್ಳುಗಾರನೇನೇ?”

“ಅಯ್ಯೋ, ಇಲ್ಲ. ಅವಳ ಮಾತನ್ನು ಮುಚ್ಚಿಡದೆ ಬರೆದಿದ್ದಾನಲ್ಲ, ಅದು ಅವನ ದೊಡ್ಡತನ. ಅದರಿಂದಲೇ ಅವನಿಗೆ ಕಾಣದ್ದು ನಮಗೆ ಕಾಣೋದು.”

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೊದಲಿಂದ ಇನ್ನೊಂದ್ಸಲ ಓದ್ತೀನಿ ಬಿಡು” ಅಂದರು.

“ಓದಿ. ಮಗಳಿಗೂ ಹೇಳಿ, ಎಸ್ಟೆಲ್ಲಾ ಮಾಡಿದ್ದನ್ನು ಒಂದು ಕಡೆ, ಪಿಪ್ ಅಂದುಕೊಂಡದ್ದನ್ನು ಇನ್ನೊಂದು ಕಡೆ ಬರೆದಿಟ್ಟುಕೊಂಡು ಓದಲಿ. ಆಮೇಲೇ ತೀರ್ಪು ಕೊಡಲಿ.”