ಕ್ಯೂರಿಂಗ್ ನೀರೂ ಮಳೆ ನೀರೂ

ಕರಾವಳಿ ಮತ್ತು ಮಲೆನಾಡುಗಳಲ್ಲಿ ಮನೆ ಕಟ್ಟುವ ಕಾಲಕ್ಕೆ ನೀರಿಗೆ ಸಲ್ಲುವಷ್ಟು ಉಪಚಾರವೂ ಬೈಗುಳವೂ ಬೇರಾವ ಸಾಮಗ್ರಿಗೂ ಸಲ್ಲುವುದಿಲ್ಲ. ತಾರಸಿಗೆ ಕಾಂಕ್ರೀಟು ಹಾಕಿದ ದಿನವೇ ಮಳೆ ಸುರಿದರೆ ಸಿಮೆಂಟಿನ ಹಾಲು ತೊಳೆದುಹೋಗಿ ಜಲ್ಲಿ ಹಲ್ಲು ಕಿರಿಯುತ್ತದೆಂದು ಎಲ್ಲರೂ ತಾರ್ಪಾಲು ಹಿಡಿದು ಓಡುತ್ತಾರೆ. ಅದೇ ಮಳೆ ಮರುದಿನ ಬಂದರೆ ಮೇಸ್ತ್ರಿ ಪೈಪು ಸುತ್ತಿಟ್ಟು ನಿಶ್ಚಿಂತೆಯಿಂದ ಎಲೆಯಡಿಕೆ ಹಾಕುತ್ತಾನೆ. ಗಟ್ಟಿಯಾಗತೊಡಗಿದ ಕಾಂಕ್ರೀಟು ಆರದಂತೆ ನೀರುಣಿಸುವ ಈ ಕ್ರಮಕ್ಕೆ ಕ್ಯೂರಿಂಗ್ ಎಂದು ಹೆಸರು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತದ್ದಕ್ಕೆ 10 ದಿನ ಎಂಬುದು 2000ದ ಐಎಸ್ 456 ಸಂಹಿತೆಯ ವಿಧಿಯಾದರೂ, ಆಷಾಢದ ಮಳೆ ಸಂಹಿತೆಯನ್ನು ಓದದೆಯೇ ಅದನ್ನು ಧಾರಾಳವಾಗಿ ಪಾಲಿಸುತ್ತದೆ.

ಚೀಲದೊಳಗಿನ ಸಿಮೆಂಟು ಕೆಡಲು ಮಾತ್ರ ಮಳೆಯೇ ಬೇಕೆಂದಿಲ್ಲ, ಗಾಳಿಯ ತೇವವೇ ಸಾಕು. ಆದ್ದರಿಂದ ಅದನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಹತ್ತು ಚೀಲಕ್ಕಿಂತ ಎತ್ತರವಾಗದಂತೆ ಪೇರಿಸಬೇಕೆಂಬ ನಿಯಮವಿದೆ. ತೇವ ತಾಗಿ ಕಟ್ಟಿದ ಗಂಟು, ಬೆರಳಿನಲ್ಲಿ ಹಿಚುಕಿದರೆ ಪುಡಿಯಾಗುವುದೋ ಎಂದು ಪರೀಕ್ಷಿಸುವುದು ರೂಢಿ. ಇಡೀ ಚೀಲವೇ ಕಲ್ಲಾಗಿದ್ದರೂ ಎಸೆಯುವವರು ಕಡಿಮೆ. 50 ಕಿಲೋದ ಆ ಬಂಡೆ, ಚೀಲದ ನೇಯ್ಗೆಯ ಅಚ್ಚನ್ನು ಮೈಮೇಲೆ ಹೊತ್ತುಕೊಂಡೇ, ಬಚ್ಚಲಿನ ಹಿಂದೆ ಮೆಟ್ಟಿಲಾಗಿ ಶಾಶ್ವತ ಸೇವೆಗೆ ಸೇರುತ್ತದೆ. ಮರಳಿನ ಗುಣ ಇನ್ನೂ ಮೋಸದ್ದು: ತುಸು ಒದ್ದೆಯಾದಾಗ ಕಣಗಳ ಸುತ್ತ ನೀರಿನ ಪೊರೆ ಕಟ್ಟಿ, ರಾಶಿ ಕಾಲು ಭಾಗದಷ್ಟು ಉಬ್ಬುವುದುಂಟು, ಆಗ ಬಾಂಡ್ಲಿಯಲ್ಲಿ ಅಳೆದವನು ಮರಳಿನ ಬೆಲೆ ಕೊಟ್ಟು ಗಾಳಿಯನ್ನೂ ಕೊಂಡಿರುತ್ತಾನೆ.

ಮುರಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ನೆಲದ ತೇವ ತಾನಾಗಿ ಮೇಲೇರದಿರಲು ಅಡಿಪಾಯಕ್ಕೂ ಗೋಡೆಗೂ ನಡುವೆ ಹಾಕುವ ತೇವತಡೆ ಪದರ, ಕಣ್ಣಿಗೆ ಕಾಣದ್ದರಿಂದ, ಉಳಿತಾಯದ ಮೊದಲ ಬಲಿಯಾಗುತ್ತದೆ. ಹಿಂದಿನವರು ಮಳೆ ಬಡಿಯದಂತೆ ಪಡುವಣ ಗೋಡೆಗೆ ಕಟ್ಟುತ್ತಿದ್ದ ತೆಂಗಿನ ಮಡಲಿನ ತಟ್ಟಿಯಲ್ಲಿ ಈ ಉಳಿತಾಯಕ್ಕಿಂತ ಹೆಚ್ಚು ವಿವೇಕವಿತ್ತೆನ್ನಬೇಕು.

ಇಷ್ಟೆಲ್ಲ ಕಾಪಾಡಿದ ಮೇಲೂ ಸಾರಣೆ ಆರಲು ಬೇಕಾದ ವಾರಗಳನ್ನು ಲೆಕ್ಕಿಸುವವರು ಎಂಜಿನಿಯರರಲ್ಲ, ಜೋಯಿಸರು. ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತ ಸಿಕ್ಕಿದೊಡನೆ ಹಸಿ ಗೋಡೆಗೆ ಬಣ್ಣ ಬೀಳುತ್ತದೆ. ಒಳಗಿನ ನೀರು ಹೊರಬರುವ ದಾರಿ ಹುಡುಕಿ ಬಣ್ಣವನ್ನು ಬೊಕ್ಕೆಯಂತೆ ಉಬ್ಬಿಸಿದಾಗ, ಗೃಹಪ್ರವೇಶಕ್ಕೆ ಬಂದ ನೆಂಟರು ಅದನ್ನು ಒತ್ತಿ ನೋಡಿ, ಪಾಯಸಕ್ಕೆ ಮುನ್ನವೇ ಪೇಂಟಿನವನ ಅಪರಾಧವನ್ನು ಸರ್ವಾನುಮತದಿಂದ ತೀರ್ಮಾನಿಸಿರುತ್ತಾರೆ.