ಒಂಬತ್ತರ ಲೆಕ್ಕ

ಕೆಲವು ವರ್ಷಗಳ ಹಿಂದೆ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಭತ್ತದ ಸೀಮೆಯಾದ ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ, ಹಳೆಯ ಹಗ್ಗವನ್ನೂ ದೈವಕೃಪೆಯನ್ನೂ ಸಮಭಾಗವಾಗಿ ನೆಚ್ಚಿ ಗೋದಾಮಿನ ಗೋಡೆಗೆ ಒರಗಿದ್ದ ಸಾರವೆಯ ಕೆಳಗೆ (ಕೆಳಗೆಂದರೆ, ಸಾಕಷ್ಟು ದೂರದಲ್ಲಿ) ನಿಂತು, ಸಾಹುಕಾರರು ಗೌಂಡಿಗೆ ಧರ್ಮಸೂಕ್ಷ್ಮವನ್ನು ಬೋಧಿಸುತ್ತಿದ್ದರು.

"ಸಾವ್ಕಾರ್ರೇ, ಅಂಚಿಗೆ ಅಡ್ಡ ಬೊಂಬು ಕಟ್ಟಬೇಕ್ರೀ, ಸೊಂಟಕ್ಕ ಬೆಲ್ಟು ಬೇಕ್ರೀ."

"ಎಲೈ, 1996ರ ಕಟ್ಟಡ ಕಾರ್ಮಿಕರ ಕಾಯಿದೆಯು ಹತ್ತು ಆಳುಗಳಿದ್ದಲ್ಲಿ ಮಾತ್ರ ಅನ್ವಯಿಸುವುದು. ನಮ್ಮಲ್ಲಿರುವವರು ಒಂಬತ್ತೇ!"

"ಮೊನ್ನೆ ಹತ್ತು ಮಂದಿ ಇದ್ದಿವಲ್ರೀ?"

"ಹತ್ತನೆಯವನು ಬಿದ್ದು ಕಾಲು ಮುರಿದುಕೊಂಡನಲ್ಲ, ಅಂದಿನಿಂದ ನಾವು ಕಾಯಿದೆಯ ಹೊರಗೆ."

ಬೀಳುವವನೇ ಧಣಿಯನ್ನು ಋಣಮುಕ್ತನನ್ನಾಗಿಸುವ ಈ ಗಣಿತಕ್ಕೆ ಗೌಂಡಿಯಲ್ಲಿ ಉತ್ತರವಿರಲಿಲ್ಲ. ಹಿಂದಿನ 12 ತಿಂಗಳಲ್ಲಿ ಒಂದೇ ಒಂದು ದಿನ ಹತ್ತು ಮಂದಿ ದುಡಿದಿದ್ದರೂ ಸಾಕೆಂದು ಆ ಕಾಯಿದೆಯಲ್ಲೇ ಬರೆದಿತ್ತು.